ಮಥುರಾಬಾಯಿಯ ಹನ್ನೆರಡು ನಿಮಿಷ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ರಾಣೇಬೆನ್ನೂರಿನ ಹೊರಗಿನ ಒಂದು ಮೈದಾನದಲ್ಲಿ ಮೂವತ್ನಾಲ್ಕು ಮಂದಿ ಓಟ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಎಲ್ಲರೂ ಸೇನಾ ಭರ್ತಿಗೆ ತಯಾರಾಗುತ್ತಿರುವವರು. ಒಬ್ಬನಿಗೆ ಉಸಿರು ಸಾಲುತ್ತಿಲ್ಲ. ಇನ್ನೊಬ್ಬ ಬೂಟಿನ ಲೇಸು ಕಟ್ಟುವ ನೆಪದಲ್ಲಿ ನೆಲ ಹಿಡಿದಿದ್ದಾನೆ. ಬೇರೆಡೆಯಾದರೆ ಅಭ್ಯಾಸ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ಮಾತ್ರ ಮೈದಾನದ ಮೂಲೆಯಿಂದ ಹೆಂಗಸೊಬ್ಬರು ಸುಣ್ಣದ ಬುಟ್ಟಿ ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡೆದು ಬರುತ್ತಾರೆ.

"ಕುಂದ್ರಬ್ಯಾಡ್ರಿ," ಎನ್ನುತ್ತಾರೆ ಅವರು, ದನಿ ಏರಿಸದೆ. "ಕುಂತ್ರ ಕಾಲು ಮನಿಗೆ ಹೋಗೂಣು ಅಂತಾವು."

ಲೇಸು ಕಟ್ಟುತ್ತಿದ್ದವನು ಏಳುತ್ತಾನೆ. ನಲವತ್ತು ಹೆಜ್ಜೆಯಷ್ಟು ದೂರ ಕಪ್ಪೆಯಂತೆ ಜಿಗಿಯುತ್ತ ಹೋಗಬೇಕು, ಕರಡಿಯಂತೆ ಕೈಕಾಲೂರಿ ತಿರುಗಿ ಬರಬೇಕು. ಆಮೇಲೆ ಹತ್ತು ದಂಡ, ಹತ್ತು ಬಸ್ಕಿ. ಕೊನೆಗೆ ಜೊತೆಗಾರನನ್ನು ಬೆನ್ನ ಮೇಲೆ ಹೊತ್ತು ಅದೇ ನಲವತ್ತು ಹೆಜ್ಜೆ ಓಡಬೇಕು. ನಡುವೆ ನಿಲ್ಲುವಂತಿಲ್ಲ. ಹೀಗೆ ಹನ್ನೆರಡು ನಿಮಿಷ. ಹುಡುಗರು ಇದಕ್ಕೆ ಇಟ್ಟಿರುವ ಹೆಸರು 'ಬಾಯಕ್ಕನ ಹನ್ನೆರಡು'.

ಬಾಯಕ್ಕ, ಅಂದರೆ ನಲವತ್ತೇಳು ವರ್ಷದ ಮಥುರಾಬಾಯಿ, ಇಲ್ಲಿ ತರಬೇತುದಾರರಲ್ಲ. ಕಸ ಗುಡಿಸುವುದು, ನೀರು ಹೊಡೆಯುವುದು, ಓಟದ ಪಥಕ್ಕೆ ಸುಣ್ಣದ ಗೆರೆ ಎಳೆಯುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ತರಬೇತಿ ಕೊಡುವವರು ನಿವೃತ್ತ ಹವಾಲ್ದಾರ ಚನ್ನಬಸಪ್ಪ. ಆದರೆ ಕೇಳಿದರೆ ಅವರೇ ಸ್ಪಷ್ಟವಾಗಿ ಹೇಳುತ್ತಾರೆ: "ಓಟ ನಂದ್ರಿ. ಕಡೀದು ಅಕ್ಕಂದು."

ಗುಡಿಸುವ ಕೈಗೆ ಈ ಕೆಲಸ ಹೇಗೆ ಬಂತು? ಉತ್ತರ ನೆಲದಲ್ಲಿದೆ. ದಿನವೂ ಗೆರೆ ಎಳೆಯುವ ಮಥುರಾಬಾಯಿಯನ್ನು ಒಂದು ವಿಷಯ ಕಾಡುತ್ತಿತ್ತು. ನಾನೂರು ಮೀಟರಿನ ಇಡೀ ಸುತ್ತಿನಲ್ಲಿ ಗೆರೆ ಹೆಚ್ಚು ಅಳಿಸಿಹೋಗುತ್ತಿದ್ದುದು ಒಂದೇ ಕಡೆ, ಮುಕ್ತಾಯಕ್ಕೆ ಮುಂಚಿನ ತಿರುವಿನಲ್ಲಿ. "ಮೊದಲ ಸಿಟ್ಟ ಬರ್ತಿತ್ರಿ. ಒಂದಿನ ಕುಂತು ನೋಡಿದೆ. ಬಾಕಿ ಕಡೆ ಹೆಜ್ಜಿ ಕುಣದಂಗ ಬಿದ್ದಿದ್ವು. ಅಲ್ಲಿ ಮಾತ್ರ ಎಳದಂಗ ಇದ್ವು. ಓಡೋ ಮಂದಿ ಅಲ್ಲೇ ಸೋಲ್ತಾರ ಅನ್ನೂದು ತಿಳೀತು."

ಮರುದಿನ ಅವರು ಪೊರಕೆ ಹಿಡಿದು ಅದೇ ತಿರುವಿನಲ್ಲಿ ನಿಂತರು. ಭರ್ತಿಯ ಓಟ ಸಾವಿರದ ಆರುನೂರು ಮೀಟರ್, ಅಂದರೆ ನಾಲ್ಕು ಸುತ್ತು. ಮೂರು ಸುತ್ತು ಜಿಂಕೆಯಂತೆ ಓಡಿದವರೂ ನಾಲ್ಕನೆಯದರಲ್ಲಿ ಆ ತಿರುವಿಗೆ ಬಂದರೆ ಭುಜ ಕಿವಿಗೆ ಹತ್ತಿಸಿಕೊಂಡು, ಬಾಯಿ ತೆರೆದು ತೂರಾಡುತ್ತಿದ್ದರು. ಮಥುರಾಬಾಯಿಗೆ ಆ ನಡಿಗೆಯ ಗುರುತು ಸಿಕ್ಕಿತು. ಮೈದಾನಕ್ಕೆ ಬರುವ ಮೊದಲು ಒಂಬತ್ತು ವರ್ಷ ಅವರು ಹಾವೇರಿ, ಬ್ಯಾಡಗಿ ಎಂದು ಕಟ್ಟಡದ ಕೆಲಸಕ್ಕೆ ಹೋದವರು. ಕಾಂಕ್ರೀಟು ತುಂಬಿದ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತಿದವರು.

"ಸ್ಲ್ಯಾಬ್ ಹಾಕೋ ದಿನ ನಡಕ ನಿಲ್ಲಸಾಕ ಬರಂಗಿಲ್ರಿ," ಎಂದು ಅವರು ವಿವರಿಸುತ್ತಾರೆ. "ನಿಂತ್ರ ಅಲ್ಲೇ ಬಿರುಕು ಬಿಡ್ತೈತಿ. ಮಧ್ಯಾಹ್ನದ ಮ್ಯಾಲೆ ಮೈಯಾಗ ಏನೂ ಉಳಿದಿರಂಗಿಲ್ಲ. ಆವಾಗ ಸಣ್ಣ ಹೆಜ್ಜಿ ಇಡಬೇಕು, ಉಸರು ಹೆಜ್ಜಿಗೆ ಕೂಡಸಬೇಕು. ಹೊಸಾ ಮಂದಿಗೆ ಅದು ಬರಂಗಿಲ್ಲ. ದಣದ ಮ್ಯಾಲೆ ದುಡದವ್ರಿಗೇ ಅದು ಗೊತ್ತು."

ಹಾಗಾದರೆ ಈ ಮಕ್ಕಳಿಗೂ ದಣಿದ ಮೇಲೆಯೇ ಕಲಿಸಬೇಕಲ್ಲವೇ ಎಂದು ಅವರು ಚನ್ನಬಸಪ್ಪನವರನ್ನು ಕೇಳಿದರು. ಹವಾಲ್ದಾರರು ನಕ್ಕುಬಿಟ್ಟರು. ಪಲ್ಟಣಿನಲ್ಲಿ ತಮ್ಮ ಉಸ್ತಾದರೂ ಕವಾಯತಿನ ಕೊನೆಗೆ ಹೀಗೆಯೇ ಹಿಂಡುತ್ತಿದ್ದರು, ಅದನ್ನು ತಾವು ಶಿಕ್ಷೆಯೆಂದೇ ತಿಳಿದಿದ್ದಾಗಿ ಹೇಳಿದರು. ನಗು ನಿಂತ ಮೇಲೆ ಅವರಿಗೂ ಯೋಚನೆ ಹತ್ತಿತು. ಒಂದು ವಾರದ ನಂತರ ನಾಲ್ಕು ಹುಡುಗರನ್ನು ಮಥುರಾಬಾಯಿಯ ಕೈಗೆ ಕೊಟ್ಟರು. ಮೂರು ತಿಂಗಳ ಬಳಿಕ ಗಡಿಯಾರ ಹಿಡಿದು ನೋಡಿದರು. ಮೊದಲ ಸುತ್ತಿಗಿಂತ ಒಂಬತ್ತು-ಹತ್ತು ಸೆಕೆಂಡು ತಡವಾಗುತ್ತಿದ್ದ ಕೊನೆಯ ಸುತ್ತು ಈಗ ಮೂರೇ ಸೆಕೆಂಡು ತಡವಾಗುತ್ತಿತ್ತು. ಅಂದಿನಿಂದ ಕೊನೆಯ ಹನ್ನೆರಡು ನಿಮಿಷ ಬಾಯಕ್ಕನದಾಯಿತು.

ಎಲ್ಲವೂ ಸರಾಗವಾಗಿ ನಡೆಯಿತು ಎಂದಲ್ಲ. ಎರಡು ವರ್ಷದ ಹಿಂದೆ ತುಂಗಭದ್ರೆಯ ದಂಡೆಯ ಐರಣಿಯಿಂದ ಶ್ವೇತಾ ಎಂಬ ಹುಡುಗಿ ಬಂದಳು. ರ‍್ಯಾಲಿಯ ಭರ್ತಿ ಓಟದಲ್ಲಿ ನಾಲ್ಕು ಸೆಕೆಂಡಿನಿಂದ ಅವಕಾಶ ಕಳೆದುಕೊಂಡವಳು. ಆಗ ಮೈದಾನದಲ್ಲಿ ಅವಳೊಬ್ಬಳೇ ಹುಡುಗಿ. ಹುಡುಗರಿಗಿಂತ ಒಂದು ಜಿಗಿತವೂ ಕಡಿಮೆಯಾಗಬಾರದೆಂಬ ಹಟ ಅವಳದು. ಏಪ್ರಿಲಿನ ಒಂದು ಸೋಮವಾರ ಕಪ್ಪೆ ಜಿಗಿತದ ನಡುವೆ ಅವಳು ಮುಗ್ಗರಿಸಿ ಬಿದ್ದಳು. ಮತ್ತೆ ಏಳಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಆಟೋದಲ್ಲಿ ದವಾಖಾನೆಗೆ ಒಯ್ದರು. ಹಿಂದಿನ ಮಧ್ಯಾಹ್ನದಿಂದ ಅವಳು ಏನೂ ತಿಂದಿರಲಿಲ್ಲ ಎಂಬುದು ಅಲ್ಲಿ ತಿಳಿಯಿತು. ತೂಕ ಇಳಿದರೆ ಓಟ ಹಗುರಾಗುತ್ತದೆ ಎಂದು ಯಾರೋ ಅವಳಿಗೆ ಹೇಳಿದ್ದರಂತೆ.

ಸಂಜೆ ಅವಳ ಅಜ್ಜಿ ಮುದುಕವ್ವ ಮೈದಾನಕ್ಕೇ ಬಂದರು. ಎಲ್ಲರೆದುರು ಕೇಳಿದ ಮಾತು ಒಂದೇ. "ಕಸಬರಗಿ ಹಿಡಿಯಾಕಿಗೆ ನಮ್ಮ ಹುಡುಗಿ ಜೀವದ ಉಸಾಬರಿ ಯಾರು ಕೊಟ್ರು?"

ಚನ್ನಬಸಪ್ಪ ತಡೆಯಲು ಹೋದಾಗ ಮಥುರಾಬಾಯಿ ಬೇಡವೆಂದು ಕೈಸನ್ನೆ ಮಾಡಿದರು. ಅವರನ್ನು ಚುಚ್ಚಿದ್ದು ಕಸಬರಿಗೆಯ ಮಾತಲ್ಲ. ಹೊರಗಿನಿಂದ ಕಾಲು ನೋಡಲು ಕಲಿತಿದ್ದ ತನಗೆ ಒಳಗೆ ಏನು ಬರಿದಾಗಿದೆ ಎಂದು ನೋಡಲು ಬರುತ್ತಿರಲಿಲ್ಲ ಎಂಬುದು. ಹನ್ನೊಂದು ದಿನ ಅವರು ಗೆರೆಯನ್ನಷ್ಟೇ ಎಳೆದರು. ಓಟ ಮುಗಿಸಿದ ಹುಡುಗರು ಅವರ ಕಡೆ ನೋಡಿ, ಕಾದು, ಮನೆಗೆ ಹೋಗುತ್ತಿದ್ದರು.

ಆ ದಿನಗಳಲ್ಲಿ ಅವರು ಮತ್ತೊಂದು ಕೆಲಸ ಮಾಡಿದರು. ದವಾಖಾನೆಯಲ್ಲಿ ಶ್ವೇತಾಳನ್ನು ನೋಡಿಕೊಂಡಿದ್ದ ನರ್ಸ್ ಶೈಲಶ್ರೀಯವರನ್ನು ಹುಡುಕಿಕೊಂಡು ಹೋದರು. ಮನುಷ್ಯ ದಣಿದದ್ದಕ್ಕೂ ಅಪಾಯಕ್ಕೆ ಹೋದದ್ದಕ್ಕೂ ಫರಕು ಹೇಗೆ ತಿಳಿಯಬೇಕು ಎಂದು ಕೇಳಿದರು. ಶೈಲಶ್ರೀ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸುವುದನ್ನು ತೋರಿಸಿದರು. ತುಟಿಯ ಬಣ್ಣ ನೋಡಲು, ಮಾತಾಡಿಸಿ ನೋಡಲು ಹೇಳಿಕೊಟ್ಟರು. ಪಾಠ ನಾಲ್ಕು ಮಧ್ಯಾಹ್ನ ನಡೆಯಿತು. ಇಷ್ಟು ಪ್ರಶ್ನೆ ಕೇಳಿದವರನ್ನು ತಾನು ಕಂಡಿಲ್ಲ ಎಂದು ಶೈಲಶ್ರೀ ಈಗಲೂ ನೆನೆಯುತ್ತಾರೆ.

ಹನ್ನೆರಡನೆಯ ದಿನ ಮಥುರಾಬಾಯಿ ಬಸ್ಸು ಹತ್ತಿ ಐರಣಿಗೆ ಹೋದರು. ತಪ್ಪು ತನ್ನದು, ಉಂಡಿದ್ದಾಳೋ ಇಲ್ಲವೋ ಎಂದು ಕೇಳಬೇಕಿತ್ತು ಎಂದು ಮುದುಕವ್ವನ ಮುಂದೆ ಒಪ್ಪಿಕೊಂಡರು. ಕಲಿತು ಬಂದದ್ದನ್ನು ಹೇಳಿದರು. ಮುದುಕವ್ವ ತಮ್ಮ ಕೈಯನ್ನೇ ಮುಂದೆ ಚಾಚಿ, ಎಣಿಸಿ ತೋರಿಸು ಎಂದರು. ಮಥುರಾಬಾಯಿ ಬೆರಳಿಟ್ಟು ಎಣಿಸಿದರು. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡು ಹೇಳಿದರು: "ಓಡಾಕ ಕಲಸವ್ವಾ. ಅದರ ಜೋಡಿ ನಿಲ್ಲಾಕೂ ಕಲಸು."

ಈಗ ಹನ್ನೆರಡು ನಿಮಿಷಕ್ಕೆ ಮೊದಲು ಎರಡು ಪ್ರಶ್ನೆಗಳಿವೆ. ಏನು ತಿಂದಿ? ನೀರು ಕುಡದಿ? ನಡುನಡುವೆ ಒಂದು ಪರೀಕ್ಷೆಯೂ ಇದೆ. ಬಾಯಕ್ಕ ಬೆರಳು ತೋರಿಸಿದವರು ತಮ್ಮ ಹೆಸರು, ತಂದೆಯ ಹೆಸರು, ಊರಿನ ಹೆಸರು ಒಂದೇ ಉಸಿರಿನಲ್ಲಿ ಹೇಳಬೇಕು. ಕದರಮಂಡಲಗಿಯ ಒಬ್ಬ ಹುಡುಗನಿಗೆ ಊರಿನ ಹೆಸರೇ ಉದ್ದವಾಗಿ, ತನಗೆ ಇದು ಅನ್ಯಾಯ ಎಂದು ದಿನವೂ ತಕರಾರು. ಹೇಳಲು ಆಗದವರು ಕೈಯೆತ್ತಿ ಪಕ್ಕಕ್ಕೆ ನಡೆಯಬೇಕು. ಹಾಗೆ ನಡೆದವರನ್ನು ನೋಡಿ ಯಾರೂ ನಗುವಂತಿಲ್ಲ. ನಕ್ಕವರಿಗೆ ಆ ದಿನ ಅಭ್ಯಾಸವಿಲ್ಲ.

ಶ್ವೇತಾ ಹಿಂದಿರುಗಿ ಬಂದಳು. ಮುಂದಿನ ರ‍್ಯಾಲಿಯಲ್ಲಿ ಮೂರು ಸುತ್ತು ಮುಗಿಯುವ ತನಕ ಗುಂಪಿನ ನಡುವೆಯೇ ಓಡಿದಳು. ಕೊನೆಯ ತಿರುವಿನಲ್ಲಿ ಹೆಜ್ಜೆ ಸಣ್ಣದು ಮಾಡಿ ಏಳು ಜನರನ್ನು ದಾಟಿದಳು. ಗುರಿ ಮುಟ್ಟಿದಾಗ ಸಮಯ ಇನ್ನೂ ಹನ್ನೊಂದು ಸೆಕೆಂಡು ಉಳಿದಿತ್ತು. ಮುಂದಿನ ಪರೀಕ್ಷೆಗಳಲ್ಲೂ ಪಾಸಾದಳು. ಈಗ ಅವಳು ಸೇನೆಯ ತರಬೇತಿ ಕೇಂದ್ರದಲ್ಲಿದ್ದಾಳೆ. ಫೋನು ಮಾಡಿದಾಗ ಮೊದಲು ಅಜ್ಜಿಯೊಂದಿಗೆ ಮಾತು, ಆಮೇಲೆ ಬಾಯಕ್ಕನೊಂದಿಗೆ. ಕಳೆದ ಸಲ ಮಥುರಾಬಾಯಿ ಅವಳನ್ನು ಕೇಳಿದ್ದು, ಅಲ್ಲಿ ಕೊನೆಗೆ ಏನೇನು ಮಾಡಿಸುತ್ತಾರೆ ಎಂದು. ಹಗ್ಗ ಹತ್ತುವುದು ಎಂದಾಗ, ಹಗ್ಗ ಎಷ್ಟು ದಪ್ಪ ಎಂದೂ ಕೇಳಿದರಂತೆ.

ಆರು ಗಂಟೆ ದಾಟುತ್ತಿದ್ದಂತೆ ಮೈದಾನ ಖಾಲಿಯಾಗತೊಡಗುತ್ತದೆ. ಮೂವತ್ನಾಲ್ಕು ಜನರಲ್ಲಿ ಈಗ ಹನ್ನೊಂದು ಹುಡುಗಿಯರು. ಅಭ್ಯಾಸ ಮುಗಿಸಿ ಅವರಲ್ಲಿ ಕೆಲವರು ಕಾಲೇಜಿಗೆ, ಕೆಲವರು ಅಂಗಡಿ ಕೆಲಸಕ್ಕೆ ಹೊರಡಬೇಕು. ಮಥುರಾಬಾಯಿ ಗೋಡೆಯ ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ಮುಖ ಆಚೆ ತಿರುಗಿಸಿ ನಿಲ್ಲುತ್ತಾರೆ. ಅದರ ಹಿಂದೆ ಒಬ್ಬೊಬ್ಬರಾಗಿ ಬೆವರಿನ ಬಟ್ಟೆ ಬದಲಿಸಿಕೊಳ್ಳುತ್ತಾರೆ. ಹನ್ನೊಂದು ಜನರದು ಮುಗಿಯುವ ಹೊತ್ತಿಗೆ ಅವರ ತೋಳುಗಳು ನಡುಗುತ್ತಿರುತ್ತವೆ.

ನಿಮಗೇನು ಬೇಕು ಎಂದು ಕೇಳಿದರೆ ಸೀರೆ ಮಡಚುತ್ತ ಯೋಚಿಸುತ್ತಾರೆ.

"ನನಗೇನ್ ಬ್ಯಾಡ್ರಿ. ಇಲ್ಲೊಂದು ಸಣ್ಣ ಖೋಲಿ ಆದ್ರ ಸಾಕು. ಬಣ್ಣ, ಫ್ಯಾನು ಏನೂ ಇಲ್ಲದಿದ್ರೂ ನಡೀತೈತಿ. ಚಿಲಕ ಮಾತ್ರ ಒಳಗಿಂದ ಇರಬೇಕ್ರಿ."