ನೈಟ್ರೇಟು ಏರಿದ್ದು ಎಲ್ಲಿಂದ

ನಮ್ಮ ಮನೆಯ ಫ್ರಿಜ್ಜಿನಲ್ಲಿ ದನದ ಗುಂಡಿಗೆಯ ಮಾಂಸ ತಂದಿಟ್ಟವನು ನಾನು. ಸಿದ್ದರಾಜು ಅಲ್ಲ. ಇಷ್ಟು ಬರೆಯುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ವಾಕ್ಯಗಳು — ಒಂದು ಕಷ್ಟದ ಪದವೂ ಇಲ್ಲ.

ಇಷ್ಟು ಕಾಲ ನನ್ನೊಳಗೆ ಇದ್ದ ನೆನಪು ಬೇರೆ. ಅದರಲ್ಲಿ ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳುತ್ತಾನೆ, ನಾನು ತಲೆ ತಗ್ಗಿಸುತ್ತೇನೆ, ಸಿದ್ದರಾಜುವಿನ ಹೆಸರನ್ನು ಅವನೇ ಎತ್ತುತ್ತಾನೆ. ಸುಮ್ಮನಿದ್ದವನ ತಪ್ಪು ಅಷ್ಟು ದೊಡ್ಡದಲ್ಲ, ಭಯಪಟ್ಟಿದ್ದ, ಹೋಗಲಿ — ಎಂದು ನನ್ನನ್ನು ನಾನೇ ತಟ್ಟಿ ಮಲಗಿಸಲು ಕಟ್ಟಿಕೊಂಡ ನೆನಪು ಅದು. ಹಾಗೆ ಆಗಲಿಲ್ಲ. ಹೆಸರು ಹೇಳಿದ್ದು ನಾನು. ಒಮ್ಮೆಯಲ್ಲ, ಎರಡು ಸಲ.

ಸಿದ್ದರಾಜು ಕಿರುಗಾವಲಿನ ಕಡೆಯವನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ಆಮೇಲೆ ನಾನು ಮಂಡ್ಯದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಲು ಸೇರಿದೆ. ಅವನು ಪರೀಕ್ಷೆ ಬರೆದು ಮದ್ದೂರಿನಲ್ಲಿ ಬ್ಯಾಂಕಿನ ಅಧಿಕಾರಿಯಾದ. ನಾವು ದುದ್ದದ ಕಡೆಯ ಒಕ್ಕಲಿಗರು, ಅವನು ದಲಿತ. ಈ ಮಾತನ್ನು ದಾಟಿಕೊಂಡು ಬರೆಯಬಹುದಿತ್ತು — ಹಾಸ್ಟೆಲಿನಲ್ಲಿ ದಾಟಿಕೊಂಡೇ ಇದ್ದೆವು — ಆದರೆ ದಾಟಿದರೆ ಮುಂದಿನದೊಂದೂ ಅರ್ಥವಾಗುವುದಿಲ್ಲ.

ಇಬ್ಬರಿಗೂ ಮೀನಿನ ಹುಚ್ಚು. ಅವನ ಬಾಡಿಗೆ ಮನೆ ಚಿಕ್ಕದು, ಹಾಗಾಗಿ ಇಬ್ಬರೂ ಸೇರಿ ಕೊಂಡ ಡಿಸ್ಕಸ್ ಮೀನುಗಳ ತೊಟ್ಟಿ ನಮ್ಮ ಮನೆಯ ಹಜಾರದಲ್ಲಿ ಕೂತಿತು. ಡಿಸ್ಕಸ್ ಎಂದರೆ ಊಟದ ತಟ್ಟೆಯನ್ನು ನೀರಿನಲ್ಲಿ ನಿಲ್ಲಿಸಿದ ಹಾಗೆ ದುಂಡಗೆ, ಮೈತುಂಬ ನೀಲಿ ಕೆಂಪು ಗೆರೆ. ನೋಡಲು ರಾಜಠೀವಿ, ಸಾಕಲು ಬಾಣಂತಿ. ಮೀನಿನ ಹೇಲು, ತಿಂದು ಉಳಿದ ಚೂರು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ಕೊನೆಗೆ ನೈಟ್ರೇಟ್ ಮಾಡಿ ಕೈತೊಳೆದುಕೊಳ್ಳುತ್ತವೆ. ಆ ನೈಟ್ರೇಟು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ಕಪ್ಪಿಟ್ಟು ಮೂಲೆ ಸೇರಿ ಮೇವು ಬಿಡುತ್ತದೆ. ಅದನ್ನು ಹತೋಟಿಯಲ್ಲಿಡಲು ದೊಡ್ಡ ವಿದ್ಯೆ ಬೇಕಿಲ್ಲ: ಮೇವು ಮಿತವಾಗಿರಬೇಕು, ನೀರು ಬದಲಾಗುತ್ತಿರಬೇಕು.

ನೀರು ಬದಲಿಸಲು ಸಿದ್ದರಾಜು ಭಾನುವಾರ ಮದ್ದೂರಿನಿಂದ ಬರುತ್ತಿದ್ದ. ಪೈಪು ಬಿಟ್ಟು ತಳದ ಕಸವನ್ನೆಲ್ಲ ಎಳೆದು, ಅರ್ಧ ತೊಟ್ಟಿ ಖಾಲಿ ಮಾಡಿ, ನಾನು ಡ್ರಮ್ಮಿನಲ್ಲಿ ಹಿಡಿದಿಟ್ಟ ಕಾವೇರಿ ನೀರು ತುಂಬುತ್ತಿದ್ದ. ತೆಗೆದ ನೀರು ಹಿತ್ತಲಿನಲ್ಲಿ ಅವ್ವನ ಕರಿಬೇವಿನ ಗಿಡಕ್ಕೆ. ಆ ಗೊಬ್ಬರಕ್ಕೆ ಗಿಡ ಸೂರಿನ ಎತ್ತರ ಬೆಳೆದಿತ್ತು. ಕೊನೆಗೆ ಪರೀಕ್ಷೆ. ಪುಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಚೆನ್ನಾಗಿ ಅಲ್ಲಾಡಿಸಿ ಕಾಯಬೇಕು. ಹಳದಿಯಾದರೆ ಸರಿ, ಕಿತ್ತಳೆಯಾದರೆ ಎಚ್ಚರ, ಕೆಂಪಾದರೆ ನೀರು ಕೆಟ್ಟಿತು.

ಅವ್ವ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಡಾಕ್ಟ್ರು ಉಚ್ಚೆ ನೋಡ್ದಂಗೆ ನೋಡ್ತಿದ್ದೀರಲ್ಲಾ, ಸಕ್ಕರೆ ಎಷ್ಟದಂತೆ ಮೀನ್ಗೆ?"

"ಸಕ್ಕರೆ ಇಲ್ಲ ಕಣವ್ವ, ಉಪ್ಪು ಜಾಸ್ತಿ. ನಿನ್ ಸಾರಿನಂಗೆ," ಎನ್ನುತ್ತಿದ್ದ ಸಿದ್ದರಾಜು.

"ಅಂಗಾರೆ ಇವತ್ತು ಸಪ್ಪೆ ತಿನ್ನು," ಎಂದು ಅವ್ವ ಒಳಗೆ ಹೋಗುತ್ತಿದ್ದಳು. ನಮಗೆ ಕೋಳಿಯಾದರೆ ಅವನಿಗೆಂದೇ ಬೇರೆ ಒಲೆಯಲ್ಲಿ ಸೊಪ್ಪಿನ ಬಸ್ಸಾರು. ಸಿದ್ದರಾಜು ಮಾಂಸ ತಿನ್ನುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದಾಗಲೇ ಬಿಟ್ಟಿದ್ದ. ಇದು ನನಗೆ ಗೊತ್ತು, ಅವ್ವನಿಗೆ ಗೊತ್ತು, ನಮ್ಮ ಮನೆಗೆ ಬಂದು ಅವನ ಪಕ್ಕ ಕೂತು ಉಂಡಿದ್ದ ದೊಡ್ಡಪ್ಪನಿಗೂ ಗೊತ್ತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ನಾವು ಮೂವರೂ ಮರೆತಂತೆ ನಟಿಸಿದ್ದು ಇದನ್ನೇ.

ಡಿಸ್ಕಸ್ ಬೇಗ ಬೆಳೆಯಬೇಕು, ಜೋಡಿಯಾಗಿ ಮೊಟ್ಟೆ ಇಡಬೇಕು ಎನ್ನುವವರು ದನದ ಗುಂಡಿಗೆ ತಂದು, ಕೊಬ್ಬು ನರ ತೆಗೆದು, ಬೆಳ್ಳುಳ್ಳಿ ಸೊಪ್ಪು ಸೇರಿಸಿ ರುಬ್ಬಿ, ಮಂಜಾಗಿಸಿ ಇಟ್ಟುಕೊಂಡು ಚೂರು ಚೂರು ಹಾಕುತ್ತಾರೆ. ನನಗೆ ಆ ಆಸೆ ಹತ್ತಿತು. ಸಿದ್ದರಾಜು ಒಪ್ಪಲಿಲ್ಲ.

"ಬ್ಯಾಡ ಕಣ್ಲಾ. ಪುಡಿಯಾಗಿ ತಳಕ್ಕೆ ಬೀಳ್ತದೆ, ನೈಟ್ರೇಟು ಹಿಡಿಯಕ್ಕಾಗಲ್ಲ. ಅದೂ ಅಲ್ದೆ ನಿಮ್ಮನೇಲಿ ಆ ಮಾಂಸ ಇಡ್ತೀಯಾ? ಗೊತ್ತಾದ್ರೆ ಮೊದ್ಲು ಬರೋದು ನನ್ ಮೇಲೆ."

"ನಿನ್ ಮೇಲ್ಯಾಕ್ಲಾ ಬತ್ತದೆ," ಎಂದು ನಕ್ಕೆ. ನಗು ಬಂದಿತ್ತು ನನಗೆ. ಅವನಿಗೆ ಬಂದಿರಲಿಲ್ಲ.

ಆಮೇಲೆ ಅವನಿಗೂ ಹೇಳದೆ ಮೈಸೂರಿನಿಂದ ತಂದೆ. ಅವ್ವನೂ ಹೆಂಡತಿಯೂ ಊರಿಗೆ ಹೋದ ದಿನ ರುಬ್ಬಿ, ಪ್ಲಾಸ್ಟಿಕ್ ಕವರಿನಲ್ಲಿ ಚಪ್ಪಟೆ ತಟ್ಟಿ, ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಹಿಂದಕ್ಕೆ ತಳ್ಳಿದೆ. ಮೀನುಗಳು ನಿಜಕ್ಕೂ ಬೆಳೆದವು. ನಳಿಗೆಯ ನೀರು ಕಿತ್ತಳೆಯಾಯಿತು, ಬರಬರುತ್ತ ಕೆಂಪಾಯಿತು.

"ಎಲ್ಲಿಂದ ಬತ್ತಾ ಅದೆ ಇದು?" ಸಿದ್ದರಾಜುವಿಗೆ ಅದೇ ಯೋಚನೆ. ಕಾಳುಮೇವು ಅರ್ಧ ಮಾಡಿದ. ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಹಿಂಡಿ ತೊಳೆದ. ನೈಟ್ರೇಟು ಹೀರಲಿ ಎಂದು ಮನಿ ಪ್ಲಾಂಟಿನ ಬಳ್ಳಿ ತಂದು ಬೇರು ನೀರಿಗಿಳಿಯುವ ಹಾಗೆ ಕಟ್ಟಿದ. ಕಬ್ಬಿನ ಗದ್ದೆಯ ಯೂರಿಯಾ ಇಳಿದಿರಬಹುದೆಂದು ನಮ್ಮ ಬೋರ್‌ವೆಲ್ ನೀರು ಪರೀಕ್ಷಿಸಿದ; ಅದು ಕೆಂಪಾಗಿಯೇ ಇತ್ತು, ಆದರೆ ತೊಟ್ಟಿಗೆ ನಾವು ಬೋರ್‌ವೆಲ್ ನೀರು ಹಾಕುತ್ತಲೇ ಇರಲಿಲ್ಲ. ಯಾರಾದರೂ ತಪ್ಪಿ ಹಾಕುತ್ತಿದ್ದಾರೇನೋ ಎಂದು ಅನುಮಾನಿಸಿ ಮದ್ದೂರಿನಿಂದಲೇ ಕ್ಯಾನುಗಳಲ್ಲಿ ನೀರು ತುಂಬಿ ಬಸ್ಸಿನಲ್ಲಿ ತರಲು ಶುರು ಮಾಡಿದ. ಕಂಡಕ್ಟರು ಕ್ಯಾನಿಗೂ ಟಿಕೆಟ್ ಕೇಳಿದನಂತೆ — ಅದನ್ನು ಹೇಳಿ ನಗಿಸಿದ. ನಾನೂ ನಕ್ಕೆ. ರಸಾಯನಶಾಸ್ತ್ರ ಕಲಿಸುವ ನಾನು, ಉತ್ತರ ಗೊತ್ತಿದ್ದ ನಾನು, ಅವನ ಜೊತೆ ಗಲ್ಲಕ್ಕೆ ಕೈಹಚ್ಚಿ ಯೋಚಿಸುತ್ತ ಕೂರುತ್ತಿದ್ದೆ. ಇನ್ನೂ ಹೇಸಿಗೆಯದು ಒಂದಿದೆ: ಬಣ್ಣ ತೀರಾ ಏರಿ ಅನುಮಾನ ಬರಬಾರದೆಂದು ಶನಿವಾರ ಗುಟ್ಟಾಗಿ ಒಂದಿಷ್ಟು ನೀರು ಬದಲಿಸಿಬಿಡುತ್ತಿದ್ದೆ. ಮರುದಿನ ಅವನು ನಳಿಗೆ ಎತ್ತಿ ಹಿಡಿದು, "ಬಳ್ಳಿ ಕೆಲ್ಸ ಮಾಡ್ತಾ ಅದೆ ಕಣ್ಲಾ," ಎನ್ನುತ್ತಿದ್ದ. ಎಷ್ಟು ಖುಷಿ ಅವನಿಗೆ.

ಆ ಭಾನುವಾರ ದೊಡ್ಡಪ್ಪ ದುದ್ದದಿಂದ ಬಂದಿದ್ದ. ನನ್ನ ಹೆಂಡತಿ ಮಗುವಿನೊಡನೆ ತವರಿಗೆ ಹೋಗಿದ್ದಳು. ಗಂಡನ ಅಣ್ಣನಿಗೆ ಅಡಿಗೆ, ಚೆನ್ನಾಗಿರಬೇಕು ಎಂದು ಅವ್ವ ಫ್ರಿಜ್ಜು ತಡಕಿದಳು. ನಾನು ಅಡಿಗೆಮನೆಗೆ ಹೋಗುವ ಹೊತ್ತಿಗೆ ಆ ಕವರು ಒಡೆದು, ಮಾಂಸ ಬೋಗುಣಿಯಲ್ಲಿತ್ತು. ಅವ್ವ ಹುರಿಗಡಲೆ ಪುಡಿ ಕಲಸಿ ಉಂಡೆ ಕಟ್ಟುತ್ತಿದ್ದಳು.

"ಕೈಮ ಯಾವಾಗ ತಂದ್ಯಪ್ಪ? ಬೆಳ್ಳುಳ್ಳಿ ಸೊಪ್ಪು ಎಲ್ಲ ಹಾಕ್ಸಿ ಜಾಣ ಆಗಿದ್ದೀಯ."

"ಅವ್ವ, ಅದು ಬ್ಯಾಡ. ಅದು ಮೀನಿಗೆ ಹಾಕೋದು."

"ಮೀನಿಗಾ? ಯಾವುದ್ರ ಮಾಂಸ?"

ಹೇಳಿದೆ. ಅಷ್ಟರಮಟ್ಟಿಗೆ ಸುಳ್ಳು ಹೇಳಲಿಲ್ಲ. ಅವ್ವ ಎರಡು ಕೈಯನ್ನೂ ಬೋಗುಣಿಯಿಂದ ಎತ್ತಿ, ಮೈಗೆ ತಾಗದ ಹಾಗೆ ದೂರ ಹಿಡಿದು ನಿಂತಳು. ದೊಡ್ಡಪ್ಪ ಬಾಗಿಲಿಗೆ ಬಂದಿದ್ದ.

"ಯಾರ್ಲಾ ಇದ್ನ ತಂದು ಇಲ್ಲಿ ಮಡಗ್ದೋನು?"

"ಸಿದ್ದರಾಜು," ಎಂದೆ.

ಯೋಚಿಸಲಿಲ್ಲ ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳು. ಯೋಚಿಸಿದೆ. ಯಾವ ಹೆಸರು ಹೇಳಿದರೆ ಎರಡನೆಯ ಪ್ರಶ್ನೆ ಬರುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಹೊಳೆಯಿತು.

ಅವನು ಬಂದಾಗ ಎರಡು ಕೈಯಲ್ಲೂ ನೀರಿನ ಕ್ಯಾನುಗಳಿದ್ದವು. ದೊಡ್ಡಪ್ಪ ಹೊಸಿಲಲ್ಲೇ ತಡೆದ.

"ಅಲ್ಲೇ ನಿಂತ್ಕೊ. ಉಣ್ಣಕ್ಕಿಕ್ಕಿದ ಮನೆಗೆ ದನದ ಗುಂಡಿಗೆ ತಂದು ತುಂಬ್ತೀಯಾ? ಎಷ್ಟ್ ಓದುದ್ರೇನು, ನಿಮ್ ಬುದ್ಧಿ ಎಲ್ಲೋಯ್ತದೆ."

ಸಿದ್ದರಾಜುವಿಗೆ ಅರ್ಥವಾಗಲಿಲ್ಲ. ಅವ್ವ ಹಿತ್ತಲಿಗೆ ಎಸೆಯಲು ಹಿಡಿದಿದ್ದ ಬೋಗುಣಿಯನ್ನು ಬಗ್ಗಿ ನೋಡಿದ. ಆಮೇಲೆ ತೊಟ್ಟಿಯ ಕಡೆ ನೋಡಿದ. ಆಮೇಲೆ ನನ್ನನ್ನು.

"ಓ," ಎಂದ. "ನೈಟ್ರೇಟು ಇಲ್ಲಿಂದ ಬತ್ತಿತ್ತಾ."

ಬೈಗುಳ ತಿಂದವನ ಬಾಯಿಂದ ಮೊದಲು ಬಂದ ಮಾತು ಇದು. ತಂದಿಟ್ಟವನು ಹಾಗೆ ಹೇಳುತ್ತಾನೆಯೇ? ಕಿವಿಯಿದ್ದ ಯಾರಿಗಾದರೂ ಅಷ್ಟು ಸಾಕಿತ್ತು. ಅಲ್ಲಿ ಮೂರು ಜನರ ಕಿವಿ ಇದ್ದವು.

"ನಾನಾ ತಂದದ್ದು? ಹೇಳ್ಲಾ," ಎಂದ ನನಗೆ.

"ಮೀನಿಗೆ ಒಳ್ಳೇದು ಅಂತ ನೀನೇ ಅಲ್ವಾ ತಂದದ್ದು," ಎಂದೆ ನಾನು. ಅವನ ಮುಖ ನೋಡಿಕೊಂಡೇ ಎಂದೆ.

ಅವನು ಕ್ಯಾನುಗಳನ್ನು ಕೆಳಗಿಟ್ಟ. ದನಿ ಏರಿಸಲಿಲ್ಲ. "ಮೂರು ತಿಂಗ್ಳಿಂದ ನೀರು ಹೊತ್ತಿವ್ನಿ ಕಣ್ಲಾ ನಾನು," ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಅವ್ವ ಅವನ ತಟ್ಟೆ ಲೋಟ ಎಸೆದಳು. ಅರಿಶಿನದ ನೀರಿನಲ್ಲಿ ಫ್ರಿಜ್ಜು ತೊಳೆದಳು. ಆ ಮಾಂಸ ತಿಂದ ಮೀನಿನ ನೀರು ಕುಡಿದ ಕರಿಬೇವಿನ ಗಿಡವನ್ನು ಬೇರುಸಹಿತ ಕೀಳಿಸಿದಳು, ಕಿತ್ತವನು ನಾನೇ. ನಾನು ಮಾಂಸದ ಮೇವು ನಿಲ್ಲಿಸಿದೆ, ದಿನ ಬಿಟ್ಟು ದಿನ ನೀರು ಬದಲಿಸಿದೆ, ನಳಿಗೆ ಮತ್ತೆ ಹಳದಿಗೆ ಬಂತು. ಮೀನುಗಳು ಸತ್ತಿದ್ದರೆ ಶಿಕ್ಷೆಯಾಯಿತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಸಾಯಲಿಲ್ಲ. ಜೋಡಿಯಾಗಿ ಮೊಟ್ಟೆ ಇಟ್ಟವು.

ಈಗ ಯಾಕೆ ಬರೆಯುತ್ತಿದ್ದೇನೆ? ಮಗಳು ಪಿಯುಸಿಗೆ ಬಂದಿದ್ದಾಳೆ. ಗೆಳತಿಯೊಬ್ಬಳನ್ನು ಮನೆಗೆ ಕರೆತಂದಿದ್ದಳು. ಆ ಹುಡುಗಿ ಹೋದ ಮೇಲೆ ಅವ್ವ, ಯಾರ ಪೈಕಿ ಎಂದು ವಿಚಾರಿಸಿ, ಬುದ್ಧಿ ಹೇಳಿದಳು: "ಕಂಡಕಂಡೋರ್ನ ಒಳೀಕೆ ಬುಟ್ಕೋಬ್ಯಾಡ ಕಣಮ್ಮ. ನಿಮ್ಮಪ್ಪನ ಸ್ನೇಹಿತ ಒಬ್ಬ ನಮ್ ಫ್ರಿಜ್ಜಲ್ಲಿ ದನದ ಮಾಂಸ ಮಡಗಿದ್ದ." ಮಗಳು ನನ್ನ ಹತ್ತಿರ ಬಂದಳು. "ಹೌದಾ ಅಪ್ಪ?"

ನನ್ನ ಒಂದು ಸುಳ್ಳು ಮನೆಯಲ್ಲಿ ಬೆಳೆದು, ಮಕ್ಕಳಿಗೆ ಹೇಳುವ ನೀತಿಯಾಗಿತ್ತು. ಅದನ್ನು ಹಿಡಿದುಕೊಂಡು ಅವ್ವ ಇನ್ನೊಂದು ಮಗುವನ್ನು ಬಾಗಿಲಲ್ಲೇ ನಿಲ್ಲಿಸಲು ಹೊರಟಿದ್ದಳು. ಅವ್ವನ ಎದುರಿಗೇ ಮಗಳಿಗೆ ಎಲ್ಲ ಹೇಳಿದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ.

"ನಂಗ್ ಗೊತ್ತಿಲ್ವಾ? ಸೊಪ್ಪು ತಿನ್ನೋ ಹುಡುಗ ಗುಂಡಿಗೆ ತಂದಾನಾ? ನಿಮ್ ದೊಡ್ಡಪ್ಪ ಬಾಗ್ಲಲ್ಲಿ ನಿಂತಿದ್ದ. ಮಗನ್ನ ಬುಟ್ಕೊಡಕಾಯ್ತದಾ?"

ಹಾಗಾದರೆ ಇನ್ನೊಬ್ಬಳ ಮಗನನ್ನು ಬಿಟ್ಟುಕೊಡಬಹುದಿತ್ತು. ಅವ್ವ ಎಂದು ಕರೆಯುತ್ತಿದ್ದವನನ್ನು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬಾರದು ಎಂದೇ ಬರೆಯುತ್ತಿದ್ದೇನೆ. ನನ್ನ ಮಾತನ್ನು ಆ ದಿನ ಯಾರೂ ನಂಬಿರಲಿಲ್ಲ. ಬರೀ ಒಪ್ಪಿಕೊಂಡಿದ್ದರು. ನಂಬುವುದಕ್ಕಾದರೆ ಸಾಕ್ಷಿ ಬೇಕಾಗುತ್ತಿತ್ತು. ಒಪ್ಪುವುದಕ್ಕೆ ಅವನ ಜಾತಿ ಸಾಕಾಯಿತು. ಅದು ಗೊತ್ತಿದ್ದೇ ನಾನು ಆ ಹೆಸರು ಆರಿಸಿದ್ದು.

ಸಿದ್ದರಾಜು ಈಗ ಮಳವಳ್ಳಿಯಲ್ಲಿದ್ದಾನೆ. ಮೊದಲು ಅವನ ಮನೆಗೇ ಹೊರಟಿದ್ದೆ. ಬಸ್ ನಿಲ್ದಾಣದವರೆಗೆ ಹೋಗಿ ವಾಪಸಾದೆ. ಅವನಿಗೆ ಹೇಳುವುದೇನಿದೆ? ನಿಜ ಏನೆಂದು ಆ ದಿನದಿಂದ ಗೊತ್ತಿರುವವನು ಅವನೇ. ನನ್ನ ಭಾರ ಇಳಿಸಿಕೊಳ್ಳಲು ಮತ್ತೆ ಅವನ ಮೇಲೇ ಹೊರಿಸುವುದೇ? ಎಲ್ಲಿ ಅವನ ಹೆಸರು ಕೆಡಿಸಿದೆನೋ ಮೊದಲು ಅಲ್ಲಿ ಹೇಳಬೇಕು. ದುದ್ದದ ಬಸ್ಸು ಹತ್ತಿದೆ.

ದೊಡ್ಡಪ್ಪ ಜಗಲಿಯ ಮೇಲಿದ್ದ. ಇಬ್ಬರು ನೆಂಟರು, ದೊಡ್ಡವ್ವ, ಸೊಸೆ ಎಲ್ಲ ಇದ್ದರು. ಆ ಕಥೆಯನ್ನು ಅವನ ಬಾಯಿಂದ ಕೇಳದವರು ಅಲ್ಲಿ ಯಾರೂ ಇರಲಿಲ್ಲ. ನಿಂತುಕೊಂಡೇ ಹೇಳಿದೆ.

"ಅಂಗಾರೆ ಮಡಗ್ದೋನು ನೀನಾ?"

"ನಾನೇ."

ಹೊಸಿಲು ದಾಟಬೇಡ ಎನ್ನುತ್ತಾನೆ ಎಂದು ಕಾದೆ. ಅನ್ನಲಿ ಎಂದು ಬಯಸಿದೆ. ದೊಡ್ಡಪ್ಪ ಟವೆಲ್ಲು ಕೊಡವಿಕೊಂಡ. "ಅದ್ನೆಲ್ಲ ಈಗ್ಯಾಕ್ಲಾ ಕೆದಕ್ತೀಯ, ಬುಡು. ಮೀನಿಗೆ ತಾನೆ ತಂದಿದ್ದು," ಎಂದು, ಸೊಸೆಯ ಕಡೆ ತಿರುಗಿ, "ಒಂದು ಕಾಫಿ ಕೊಡವ್ವ," ಎಂದ.

ಅದೇ ಮಾಂಸ, ಅದೇ ತಪ್ಪು. ನನಗೆ ಕಾಫಿ ಬಂತು.

ಲೋಟ ಅಲ್ಲೇ ಬಿಟ್ಟು ಎದ್ದು ಬಂದೆ ಎಂದು ನನ್ನ ನೆನಪು ಈಗಾಗಲೇ ತಿದ್ದಲು ನೋಡುತ್ತಿದೆ. ಅದಕ್ಕೇ ಬರೆದಿಡುತ್ತೇನೆ: ಕುಡಿದೆ.