ಕೆಂಪು ದಾರದ ಕೆಳಗಿನ ಡೀಸೆಲ್

ಅವರ ಬಲಗೈಯ ತೋರುಬೆರಳು ಯಾವಾಗಲೂ ಸೀಮೆಸುಣ್ಣ ಮೆತ್ತಿಕೊಂಡು ಬೆಳ್ಳಗಿರುತ್ತಿತ್ತು. ಊಟಕ್ಕೆ ಮುಂಚೆ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು. ಅವರೇನು ಶಾಲೆಯ ಮೇಷ್ಟರಲ್ಲ. ಪಟ್ಟಂದೂರು ಅಗ್ರಹಾರದ ಹತ್ತಿರ, ಐಟಿ ಪಾರ್ಕಿಗೆ ತಿರುಗುವ ರಸ್ತೆಯಲ್ಲಿರುವ ನಮ್ಮ ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕು ಅಳೆಯುವವರು. ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆದು, ಉದ್ದನೆಯ ಹಿತ್ತಾಳೆ ಕಡ್ಡಿಗೆ ಸೀಮೆಸುಣ್ಣ ಉಜ್ಜಿ, ಒಳಗಿಳಿಸಿ, ಮೇಲೆತ್ತಿ, ಸುಣ್ಣ ಎಲ್ಲಿಯವರೆಗೆ ನೆನೆದಿದೆ ಎಂದು ನೋಡುತ್ತಿದ್ದರು. ಆ ಕೆಲಸಕ್ಕೆ ಡಿಪ್ ಎನ್ನುತ್ತಾರೆ. ಅವರನ್ನು ನಾವೆಲ್ಲ ಡಿಪ್ ತಾತ ಎನ್ನುತ್ತಿದ್ದೆವು.

ಆಫೀಸಿನೊಳಗೆ ಮೀಟರ್ ಇದೆ, ಗುಂಡಿ ಒತ್ತಿದರೆ ಅಂಕಿ ತೋರಿಸುತ್ತದೆ. ನಾನು ಈ ಊರಿನವಳೇ, ಬಂಕಿನಲ್ಲಿ ಶಿಫ್ಟ್ ನೋಡಿಕೊಳ್ಳುವವಳು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ತಾತ, ಮಿಷನ್ನೇ ಹೇಳತ್ತಲ್ಲ, ಈ ವಯಸ್ಸಲ್ಲಿ ಯಾಕೆ ದಿನಾ ಬಗ್ಗಿ ಸೊಂಟ ಮುರ್ಕೋತೀರ?" ಎಂದು ಕೆಣಕಿದ್ದೆ.

"ಅದು ಹೇಳ್ತದವ್ವ. ನಾ ನೋಡ್ತೀನಿ" ಎಂದರು. ಅಷ್ಟೇ.

ತಾತನ ಊರು ರಾಯಚೂರಿನ ಕಡೆ. ವಯಸ್ಸಿನಲ್ಲಿದ್ದಾಗ ಏಜೆಂಟನ ಹಿಂದೆ ಹೋಗಿ ಗಲ್ಫಿನ ಎಣ್ಣೆಬಾವಿಗಳಲ್ಲಿ ಕೂಲಿ ಮಾಡಿ ಬಂದವರು. ಮೊದಲು ಹೋದಾಗ ಎಣ್ಣೆ ತಾನಾಗಿಯೇ ಮೇಲೆ ನುಗ್ಗುತ್ತಿತ್ತಂತೆ. ವಾಪಸು ಬರುವ ಹೊತ್ತಿಗೆ ಅದೇ ಬಾವಿಗಳಿಗೆ ನೀರು ತುಂಬಿ ಒತ್ತಿ ಒತ್ತಿ ಎಣ್ಣೆ ಎಬ್ಬಿಸಬೇಕಾಗಿತ್ತಂತೆ. ಬರುವುದರಲ್ಲಿ ನೀರೇ ಹೆಚ್ಚು, ಎಣ್ಣೆ ಕಡಿಮೆ. ನಮ್ಮಪ್ಪನ ತೋಟದ ಬೋರ್‌ವೆಲ್ ಕಥೆಯೂ ಅದೇ ಆಗಿತ್ತು. ಪ್ರತಿ ಬೇಸಿಗೆಗೂ ಇನ್ನಷ್ಟು ಪೈಪು ಇಳಿಸಿ, ಇಳಿಸಿ, ಕೊನೆಗೆ ಬರೀ ದೂಳು ಬಂತು. ಅದನ್ನು ಹೇಳಿದಾಗ ತಾತ ತಲೆಯಾಡಿಸಿದರು. "ಬಾವಿ ಒಂದೇ ದಿನಕ್ಕ ಬತ್ತಂಗಿಲ್ಲವ್ವ. ಹಗ್ಗ ಉದ್ದ ಆಗ್ಕೋತ ಹೋಗ್ತದ. ನೀರು ಬರ್ತದಲ್ಲ ಅಂತ ನಾವು ಹಗ್ಗ ನೋಡಂಗಿಲ್ಲ." ಪ್ರಪಂಚದ ದೊಡ್ಡ ದೊಡ್ಡ ಬಾವಿಗಳೆಲ್ಲ ಹಳೆಯವಾಗಿವೆ, ಇನ್ನು ಮುಂದೆ ಎಣ್ಣೆ ಎಳೆದಾಡಿ ಬರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಮತ್ತೆ ಬರುತ್ತದೆ ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಎದುರಿಗೆ ಮಾರತ್ತಹಳ್ಳಿಯವರೆಗೂ ಬಂಪರಿಗೆ ಬಂಪರು ತಾಗಿಸಿಕೊಂಡು ಗಾಡಿಗಳು ನಿಂತಿರುವಾಗ ಯಾರು ನಂಬುತ್ತಾರೆ?

ನಂಬುವ ಕಾಲವೂ ಬಂತು. ಎಲ್ಲೋ ಸಮುದ್ರದಲ್ಲಿ ಹಡಗು ತಡವಾದವು ಎಂದರು, ಎಲ್ಲೋ ಉತ್ಪಾದನೆ ಇಳಿಯಿತು ಎಂದರು. ದಿನಾ ಬರುತ್ತಿದ್ದ ಲೋಡು ಮೂರು ದಿನಕ್ಕೊಮ್ಮೆ ಬರತೊಡಗಿತು. ಅವತ್ತು ಬೆಳಿಗ್ಗೆ ತಾತ ತಮ್ಮ ಮುಂಗೈಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿ, ಡೀಸೆಲ್ ಅಳೆಯುವ ಕಡ್ಡಿಗೆ ತಳದಿಂದ ಒಂದು ಮೊಳ ಮೇಲೆ ಬಿಗಿಯಾಗಿ ಕಟ್ಟಿದರು. ದಾರದಿಂದ ಮೇಲಿದ್ದದ್ದು ಮಾರಾಟಕ್ಕೆ. ಕೆಳಗಿನದು ಎರಡೇ ಗಾಡಿಗೆ: ಆಂಬುಲೆನ್ಸು ಮತ್ತು ನೀರಿನ ಟ್ಯಾಂಕರು. ನಮ್ಮ ಕಡೆ ಕೂಲಿಯವರ ವಠಾರಗಳಿಗೆ ಕುಡಿಯಲು, ತೊಳೆಯಲು ಟ್ಯಾಂಕರ್ ನೀರೇ ಗತಿ. ಅದಕ್ಕೆ ಡೀಸೆಲ್ ಇಲ್ಲವೆಂದರೆ ಸಾವಿರ ಮನೆಯ ಕೊಡ ಖಾಲಿ. ಮಾಲೀಕರು ಗೊಣಗಿದರೂ ಒಪ್ಪಿದರು. ದಿಬ್ಬಣದ ಬಸ್ಸಿನವರು ಬಂದು ಕಾಡಿದಾಗ ತಾತ ಕಡ್ಡಿ ಎತ್ತಿ ತೋರಿಸಿದರು. "ಮದವಿಗೂ ಇಲ್ಲ, ಮಸಣಕ್ಕೂ ಇಲ್ರಿ. ನೀರಿಗೆ ಅದ, ಜೀವಕ್ಕ ಅದ."

ಆ ದಾರವನ್ನು ದಾಟಿದವಳು ನಾನೇ.

ತಾತ ಜ್ವರ ಬಂದು ಮಲಗಿದ್ದ ದಿನ. ಕೊರಳಿಗೆ ಕಾರ್ಡು ನೇತುಹಾಕಿಕೊಂಡವರೊಬ್ಬರು ಕ್ಯಾನುಗಳನ್ನು ಪಿಕಪ್‌ನಲ್ಲಿ ತುಂಬಿಕೊಂಡು ಬಂದರು. ಆಫೀಸಿನ ಜನರೇಟರಿಗೆ. "ಮೇಡಂ, ಪ್ಲೀಸ್ ಮೇಡಂ, ಇಡೀ ಫ್ಲೋರ್ ಆಫ್ ಆಗ್ಬಿಡತ್ತೆ" ಎಂದರು. ನಮ್ಮನ್ನು ಮೇಡಂ ಎಂದು ಬೇಡಿಕೊಳ್ಳುವವರು ಯಾರಿದ್ದಾರೆ? ಉಬ್ಬಿಹೋದೆ. ನಾಳೆ ಹೇಗೂ ಲೋಡು ಬರುತ್ತದಲ್ಲ ಎಂದುಕೊಂಡು ದಾರದ ಕೆಳಗಿನದನ್ನೂ ಕೊಟ್ಟುಬಿಟ್ಟೆ. ಥೂ, ನನ್ನ ಬುದ್ಧಿಗಿಷ್ಟು!

ಲೋಡು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನೀರಿನ ಟ್ಯಾಂಕರಿನವನು ಖಾಲಿ ತಿರುಗಿಹೋದ. ಅವನು ನೀರು ಹಾಕುತ್ತಿದ್ದುದು ತಾತ ಇದ್ದ ವಠಾರಕ್ಕೇ. ಮೂರನೆಯ ದಿನ ತಾತನ ಹೆಂಡತಿ ಪಕ್ಕದ ಬಡಾವಣೆಯಿಂದ ಎರಡು ಕೊಡ ಹೊತ್ತು ತರುವಾಗ ಚರಂಡಿ ಕಲ್ಲಿನ ಮೇಲೆ ಜಾರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು.

ಕೆಲಸಕ್ಕೆ ಬಂದ ತಾತನ ಎದುರು ನಿಂತು ಎಲ್ಲ ಹೇಳಿ ಅತ್ತೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸೀಮೆಸುಣ್ಣ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. "ಅಳಬ್ಯಾಡ. ಬಗ್ಗು. ನಾಳಿಂದ ನೀನೇ ನೋಡಬೇಕು."

ಅಂದಿನಿಂದ ಡಿಪ್ ನನ್ನದಾಯಿತು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಕಡ್ಡಿ ಸ್ವಲ್ಪ ವಾಲಿದರೂ "ನೆಟ್ಟಗ, ನೆಟ್ಟಗ" ಎನ್ನುತ್ತಿದ್ದರು. ಅವರ ಹೆಂಡತಿಯ ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅವರ ಮನೆಗೆ ಹೋದಾಗ ಆ ಕೈಯಲ್ಲೇ ನನಗೆ ಚಹಾ ಕೊಡುತ್ತಿದ್ದರು. ಆ ಲೋಟ ತೆಗೆದುಕೊಳ್ಳುವಾಗ ನಾನು ತಲೆ ಎತ್ತುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಮತ್ತೆ ಅಭಾವ ಬಿತ್ತು. ಮಹದೇವಪುರದವರೆಗೂ ಬಂಕುಗಳ ಮುಂದೆ ಹಗ್ಗ ಕಟ್ಟಿ 'ಸ್ಟಾಕ್ ಇಲ್ಲ' ಎಂದು ಬೋರ್ಡು ಹಾಕಿದ್ದರು. ಅಂಥ ಒಂದು ಮುಂಜಾನೆ ತಾತ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವ ಮುಂಚೆಯೇ ಹೋಗಿಬಿಟ್ಟರು. ದೇಹವನ್ನು ವಠಾರಕ್ಕೆ ತಂದು ಮಲಗಿಸಿದೆವು.

ಊರಲ್ಲೇ ಮಣ್ಣಾಗಬೇಕು ಎಂದು ಅಲ್ಲಿನ ನೆಂಟರಿಂದ ಫೋನಿನ ಮೇಲೆ ಫೋನು. ತಾತನ ಅಪ್ಪ ಅಮ್ಮನ ಪಕ್ಕದಲ್ಲಿ ಜಾಗ ಇದೆಯಂತೆ. ಶವ ಒಯ್ಯುವ ವ್ಯಾನು ಬಂಕಿಗೆ ಬಂದು ನಿಂತಿತು. ರಾಯಚೂರಿಗೆ ಹೋಗಿಬರುವಷ್ಟು ಡೀಸೆಲ್ ಬೇಕು. ನಾನು ಕಡ್ಡಿ ಇಳಿಸಿದೆ. ಸುಣ್ಣ ನೆನೆದದ್ದು ದಾರಕ್ಕಿಂತ ಎರಡು ಬೆರಳು ಕೆಳಗೆ. ಯಾರದೋ ಜನರೇಟರಿಗೆ ದಾಟಿದವಳು ಇವರಿಗಾಗಿ ದಾಟಲಾರೆನೇ? ವಠಾರಕ್ಕೆ ಓಡಿ ಅವರ ಹೆಂಡತಿಗೆ ಹೇಳಿದೆ. "ಅವ್ವಾ, ಹಾಕ್ಬಿಡ್ತೀನಿ. ಊರಿಗೆ ಕರ್ಕೊಂಡು ಹೋಗಿ."

ಅವರು ಗಂಡನ ಎದೆಯ ಮೇಲಿನ ಬಟ್ಟೆ ಸರಿಮಾಡಿದರು.

"ಬ್ಯಾಡವ್ವ. ಮಸಣಕ್ಕಿಲ್ಲ ಅಂದವ್ರು ಅವ್ರೇ. ಅವ್ರು ಕಟ್ಟಿದ್ದನ್ನ ನಾ ಹೆಂಗ ದಾಟ್ಲಿ? ಇಲ್ಲೇ ಮಣ್ಣ ಮಾಡೂಣು."

ನಾನು ಬಂಕಿಗೆ ವಾಪಸು ಬಂದು ವ್ಯಾನಿನವನನ್ನು ಕಳಿಸಿದೆ. ಎಣ್ಣೆ ಇದ್ದೂ ಇಲ್ಲ ಎಂದು ಒಬ್ಬರಿಗೆ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ತಾತ ಅದನ್ನು ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಆಮೇಲೆ ನೀರಿನ ಟ್ಯಾಂಕರು ಬಂತು. ಅದಕ್ಕೆ ನಾನೇ ಡೀಸೆಲ್ ಹಾಕಿದೆ.

ಮಧ್ಯಾಹ್ನ ಟ್ಯಾಂಕರು ವಠಾರದ ಮುಂದೆ ನಿಂತಾಗ ದಿನಾ ಕೊಡಕ್ಕಾಗಿ ಜಗಳವಾಡುವ ಹೆಂಗಸರೆಲ್ಲ ಹಿಂದೆ ಸರಿದರು. ಮೊದಲ ಎರಡು ಕೊಡ ತಾತನ ಸ್ನಾನಕ್ಕೆ ಬಂದವು. ಅವರ ಬೆರಳಿನ ಸುಣ್ಣ ತೊಳೆಯಬೇಡಿ ಎಂದು ಕೂಗಬೇಕೆನಿಸಿತು ನನಗೆ, ಆದರೆ ಕೊಡ ಬಗ್ಗಿಸಿ ಚೊಂಬು ತುಂಬಿಸಿದೆ. ಅವರ ಹೆಂಡತಿ ಸೊಟ್ಟ ಕೈಯಲ್ಲೇ ಚೊಂಬು ಎತ್ತಿ ನೆತ್ತಿಯ ಮೇಲೆ ಸುರಿದರು.

"ನಿಮ್ಮ ನೀರು ಬಂತ್ರೀ" ಎಂದರು.