ಕನ್ಯಾ ನೋಡಲು ಬಂದವರಿಗೆ ಒಂದು ಮೂಕಿ ಚಿತ್ರ

ಬೆಂಗೇರಿಯ ನನ್ನ ತಂಗಿಯ ಮನೆಯಲ್ಲಿ ಟಿವಿ ಹಚ್ಚದೆ ಬೀಗರನ್ನು ಕೂಡಿಸುವ ಪದ್ಧತಿಯಿಲ್ಲ. ಬಂದವರು ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಟಿವಿಯ ಕಡೆ ಮುಖ ಮಾಡಿ ಕೂಡುತ್ತಾರೆ, ಮಾತು ಅದರ ನಂತರದ್ದು. ಕನ್ಯಾ ನೋಡಲು ಬಂದವರಿಗಂತೂ ಇದು ದೊಡ್ಡ ಅನುಕೂಲ. ಒಬ್ಬರ ಮುಖ ಒಬ್ಬರು ನೋಡುವ ಸಂಕಟ ತಪ್ಪುತ್ತದೆ.

ಆದರೆ ಈ ಟಿವಿಯೇ ತಂಗಿಯ ಮಗಳ ಎರಡು ಸಂಬಂಧಗಳನ್ನು ಕೆಡಿಸಿತ್ತು. ಒಂದು ಸಲ ಸುದ್ದಿ ಚಾನೆಲ್ಲಿನ ಚರ್ಚೆಯಲ್ಲಿ ವರನ ತಂದೆ ಒಂದು ಪಕ್ಷ ಹಿಡಿದರು, ತಂಗಿಯ ಗಂಡ ಇನ್ನೊಂದು ಪಕ್ಷ ಹಿಡಿದ. ಉಪ್ಪಿಟ್ಟು ಆರುವುದರೊಳಗೆ ಸಂಬಂಧ ಮುರಿದಿತ್ತು. ಇನ್ನೊಂದು ಸಲ ಧಾರಾವಾಹಿಯ ಸೊಸೆ ಅತ್ತೆಯ ಹಾಲಿಗೆ ಏನನ್ನೋ ಬೆರೆಸುತ್ತಿದ್ದಾಗ ಸರಿಯಾಗಿ ನಮ್ಮ ಹುಡುಗಿ ಚಹಾದ ಟ್ರೇ ಹಿಡಿದು ಹೊರಬಂದಳು. ವರನ ತಾಯಿ ಆ ಚಹಾ ಮುಟ್ಟಲಿಲ್ಲ.

ಮೂರನೆಯವರು ಬರುವ ವಾರ ಹುಡುಗಿ ತನ್ನ ತೀರ್ಮಾನ ಹೇಳಿಬಿಟ್ಟಳು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ರೂಢಿ ಇಲ್ಲ. ಟ್ರೇ ಹಿಡಿದು ಯಾರ ಮುಂದೆಯಾದರೂ ಬರುವುದು ಇದೇ ಕೊನೆಯದು, ಇದೂ ಆಗದಿದ್ದರೆ ಮದುವೆಯ ಮಾತು ಮನೆಯಲ್ಲಿ ಎತ್ತಬಾರದು. ತಂಗಿ ಧಾರವಾಡದಲ್ಲಿರುವ ನನಗೆ ಫೋನು ಮಾಡಿ ಅತ್ತಳು. ಸೋದರಮಾವ ಅಂದ ಮೇಲೆ ನನಗೆ ಈ ಕಾರ್ಯದಲ್ಲಿ ಶಾಸ್ತ್ರೋಕ್ತ ಸ್ಥಾನವಿದೆ. ಸಾಮಾನ್ಯವಾಗಿ ಅದು ಮೂಲೆಯ ಕುರ್ಚಿ. ಈ ಸಲ ನಾನು ಟಿವಿಯ ಹೊಣೆ ಹೊತ್ತೆ.

ನನಗೆ ಹಳೆಯ ಮೂಕಿ ಚಿತ್ರಗಳ ಹುಚ್ಚಿದೆ. ಮನೆಮಂದಿ ಅದನ್ನು ಸಕ್ಕರೆ ಕಾಯಿಲೆಯಂತೆ ಒಪ್ಪಿಕೊಂಡಿದ್ದಾರೆ. ಮಾತೇ ಇಲ್ಲದ ಚಿತ್ರದಿಂದ ಮಾತು ಬೆಳೆಯಲಾರದು ಎಂಬುದು ನನ್ನ ತರ್ಕ. ಒಂದು ಪ್ರೇಮಹಾಸ್ಯವನ್ನು ಆರಿಸಿ, ಪೆನ್ ಡ್ರೈವಿಗೆ ಹಾಕಿಕೊಂಡು, ಜುಬ್ಬದ ಕಿಸೆಯಲ್ಲಿಟ್ಟು ಬಸ್ಸು ಹತ್ತಿದೆ. ಅದರಲ್ಲಿ 'ಅಂಥಾದ್ದು' ಏನೂ ಇಲ್ಲವಲ್ಲ ಎಂದು ತಂಗಿ ಕೇಳಿದಳು. ಶತಮಾನದ ಹಿಂದಿನ ಮರ್ಯಾದಸ್ತರು ತೆಗೆದದ್ದು ಎಂದು ಭರವಸೆ ಕೊಟ್ಟೆ.

ಬಂದವರು ಗಬ್ಬೂರ ಕಡೆಯವರು. ತಂದೆ ಅರಳೆ ವ್ಯಾಪಾರ ಮಾಡಿ ಈಗ ಕೈಬಿಟ್ಟವರು, ನಗು ಆ ಧಂದೆಯಲ್ಲಿ ಬೇಕಾಗಿರಲಿಲ್ಲ ಅನ್ನಿಸುವಂಥ ಮುಖ. ತಾಯಿ ಅಚ್ಚುಕಟ್ಟಾದ ಹೆಂಗಸು. ಹುಡುಗ ಬೈಪಾಸಿನ ಬದಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಅವನು ಸೋಫಾದ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಎಬ್ಬಿಸಿಯಾರು ಎಂಬಂತೆ ಕೂತ.

ಚಿತ್ರದ ಕಥೆ ಇಷ್ಟು. ಕೊಡೆ ಅಂಗಡಿಯ ಗುಮಾಸ್ತನಿಗೆ ಎದುರಿನ ಬೇಕರಿಯ ಹುಡುಗಿಯ ಮೇಲೆ ಮನಸ್ಸು. ಅವಳನ್ನು ನೋಡಲಿಕ್ಕೆಂದು ದಿನವೂ ಬ್ರೆಡ್ ಕೊಳ್ಳುತ್ತಾನೆ. ಖೋಲಿಯ ತುಂಬ ಬ್ರೆಡ್ಡಾಗುತ್ತದೆ. ಹಾಸಿಗೆಯ ಮೇಲೆ, ಕಪಾಟಿನಲ್ಲಿ, ಬೂಟಿನೊಳಗೆ. ಮುಂದೆ ಅವಳಿಗೆ ಹೇಳುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ, ಇವನು ಬೆನ್ನು ಬಿಡುವುದಿಲ್ಲ. ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ನಾನು ಗಂಭೀರವಾಗಿ ಕನ್ನಡದಲ್ಲಿ ಓದಿ ಹೇಳಿದೆ.

ಬೀಳುವ, ಜಾರುವ ಹಾಸ್ಯಕ್ಕೆ ವಯಸ್ಸಾಗಿಲ್ಲ ಎಂಬುದು ಬೇಗನೆ ಸಾಬೀತಾಯಿತು. ಗಾಳಿಗೆ ಕೊಡೆ ತಿರುವುಮುರುವಾಗಿ ನಾಯಕ ಅದರ ಹಿಂದೆ ಕೆರೆಗೆ ಬಿದ್ದಾಗ ಅರಳೆಯ ಹಿರಿಯರು ಹೆಗಲಿನ ಶಲ್ಯ ಜಾರುವಷ್ಟು ನಕ್ಕರು. ಅವರ ಹೆಂಡತಿ ಗಾಬರಿಯಿಂದ ಅವರ ಕಡೆ ನೋಡಿದರು. ಆಕೆಯ ಮನಸ್ಸು ಮಾತ್ರ ಬೇರೆ ಕಡೆ ಇತ್ತು.

"ಅಷ್ಟು ಬ್ರೆಡ್ ಏನ ಮಾಡ್ತಾನ್ರಿ ಅಂವಾ? ಬೂಸ್ಟ ಹಿಡೀತಾವಲ್ಲ," ಅಂದರು.

ಪ್ರೇಮದ ಭಾಗಕ್ಕೆ ಮಾತ್ರ ಅಷ್ಟು ಸುಲಭದ ಪಾಸು ಸಿಗಲಿಲ್ಲ. ನಾಯಕ ಮಳೆನೀರಿನ ಪೈಪು ಹಿಡಿದು ಹುಡುಗಿಯ ಕಿಟಕಿಯ ತನಕ ಏರುವ ದೃಶ್ಯವನ್ನು ಸಿನೆಮಾ ಗ್ರಂಥಗಳು ಬಹಳ ಹೊಗಳಿವೆ. ನಾನೂ ಹೊಗಳುತ್ತ ಬಂದವನು. ಅದನ್ನು ವಿವರಿಸಲು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ, ಇಂಥ ದಿನ ತುಟಿ ಬಿಚ್ಚಬಾರದ ನಮ್ಮ ಹುಡುಗಿ ಬಾಗಿಲ ಬಳಿಯ ಕುರ್ಚಿಯಿಂದ ಕೇಳಿದಳು.

"ಮಾಮಾ, ಆಕಿ ಒಮ್ಮೆ ಒಲ್ಲೆ ಅಂದಾಳಲ್ಲ. ಮತ್ತ ಯಾಕ ಬೆನ್ನ ಹತ್ಯಾನ ಅಂವಾ?"

ಚಿತ್ರದ ಹಿನ್ನೆಲೆಯ ಪಿಯಾನೊ ಒಂದೇ ನುಡಿಯುತ್ತಿತ್ತು. ತಂಗಿ ಸೆರಗಿನ ತುದಿ ಹಿಡಿದುಕೊಂಡಳು. ಮಾತಿಲ್ಲದ ಚಿತ್ರದಿಂದಲೂ ಮಾತು ಬರಬಹುದೆಂದು ನನ್ನ ತರ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಆಗಿನ ಕಾಲದಲ್ಲಿ ಹಾಗಿತ್ತು ಎಂದೇನೋ ಶುರುಮಾಡಿದೆ. ಹುಡುಗ ಟಿವಿಯಿಂದ ಕಣ್ಣು ತೆಗೆಯದೆ ನನ್ನನ್ನು ಬಚಾವು ಮಾಡಿದ.

"ಗಿರಾಕಿ ಬ್ಯಾಡ ಅಂದ್ರ ನಾ ಅಂತೂ ಬೆನ್ನ ಹತ್ತಂಗಿಲ್ರಿ. ಅಂಗಡಿ ಬಾಗಲಾ ತಗದ ಇಟ್ಟಿರತೇನಿ, ಅಷ್ಟ."

ಹುಡುಗಿ ಕುರ್ಚಿಯನ್ನು ಸ್ವಲ್ಪ ಒಳಗೆ, ಟಿವಿ ನೆಟ್ಟಗೆ ಕಾಣುವಲ್ಲಿಗೆ ಎಳೆದುಕೊಂಡಳು. ಅಲ್ಲಿಂದ ಹುಡುಗನೂ ಕಾಣುತ್ತಿದ್ದ.

ಇಷ್ಟರಲ್ಲಿ ನನಗೆ ಭಯಂಕರವಾದದ್ದೊಂದು ನೆನಪಾಯಿತು. ಚಿತ್ರದ ಕೊನೆಗೆ ಒಂದು ಮುತ್ತಿದೆ. ಶತಮಾನದ ಹಿಂದಿನ ಮರ್ಯಾದಸ್ತರು ಅದನ್ನು ಹತ್ತಿರದಿಂದ ತೆಗೆದಿದ್ದಾರೆ. ನಾಯಕ ಸೋತು, ಬ್ರೆಡ್ ಕೊಳ್ಳುವುದನ್ನು ಬಿಟ್ಟು, ಕೊಡೆ ಅಂಗಡಿಯಲ್ಲಿ ಒಬ್ಬನೇ ಕೂತ ದೃಶ್ಯ ಬಂದ ಕೂಡಲೇ ನಾನು ರಿಮೋಟು ಒತ್ತಿ, ಪೆನ್ ಡ್ರೈವ್ ಕೆಟ್ಟಿತು ಎಂದು ಸಾರಿದೆ. ಎಲ್ಲರೂ ವಿಷಾದಿಸಿದರು. ಅವರು ಚಹಾ ಮುಗಿಸಿ, ಮನೆಯಲ್ಲಿ ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೊರಟುಹೋದರು.

ವಾರ ಕಳೆಯಿತು, ಗಬ್ಬೂರಿನಿಂದ ಸುದ್ದಿಯಿಲ್ಲ. ಮೊದಲು ಹೇಳಿಕಳಿಸಬೇಕಾದವರು ಗಂಡಿನ ಕಡೆಯವರು. ನಾವು ಕೇಳಿದರೆ ಹಗುರಾಗುತ್ತೇವೆ ಎಂಬುದು ತಂಗಿಯ ಗಂಡನ ಕಾಯ್ದೆ. ಇನ್ನೊಂದು ವಾರ ಹೋಯಿತು. ಹುಡುಗಿ ಬಾಯಿ ತೆಗೆದು ಕೇಳಿದ್ದೇ ತಪ್ಪಾಯಿತು ಎಂದು ತಂಗಿ ಒಮ್ಮೆ, ನನ್ನ ಸಿನೆಮಾ ತಪ್ಪು ಎಂದು ಹತ್ತು ಸಲ ಅಂದಳು.

ಒಂದು ಸಂಜೆ ಹುಡುಗಿ ನನಗೇ ಫೋನು ಮಾಡಿದಳು. ಪೆನ್ ಡ್ರೈವ್ ರಿಪೇರಿ ಆಯಿತೇ ಎಂದು ಕೇಳಿದಳು. ಆಯಿತು ಅಂದೆ.

"ಹಂಗಾರ ಐತವಾರ ತಗೊಂಡ ಬಾ ಮಾಮಾ. ಅವರಿಗೂ ಹೇಳೇನಿ."

ಯಾರು ಯಾರಿಗೆ ಹೇಳಿದ್ದು ಎಂದು ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಕಾಲೇಜು ಬಿಟ್ಟ ಮೇಲೆ ಸ್ಕೂಟಿ ಹತ್ತಿ ನೆಟ್ಟಗೆ ಬೈಪಾಸಿನ ಅಂಗಡಿಗೆ ಹೋಗಿದ್ದಳು. ಬಾಗಿಲು ತೆಗೆದೇ ಇತ್ತಂತೆ. ನಿಮಗೇನು ಬೇಕು ಎಂದು ಅವನು ಕೇಳಿದನಂತೆ. ಸಿನೆಮಾದ ಉಳಿದ ಭಾಗ ನೋಡುವುದಿದ್ದರೆ ಭಾನುವಾರ ಬರಬೇಕು, ಈ ಸಲ ಚಹಾ ಯಾರಾದರೂ ತರಬಹುದು, ಎಂದು ಹೇಳಿ ಬಂದಳಂತೆ. ಅವನ ಮನೆಯವರು ಮೊದಲ ದಿನವೇ ಒಪ್ಪಿದ್ದರು. ಅವಳ ಮನಸ್ಸು ತಿಳಿಯದೆ ಹೇಳಿಕಳಿಸುವುದು ಬೇಡ ಎಂದು ತಡೆದು ಕೂತವನು ಅವನೇ.

ಆ ಚಿತ್ರದ ಕೊನೆ ಆಗ ಆ ಎರಡು ಮನೆಗಳಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದರಲ್ಲಿ, ಮೋಡದ ಸುಳಿವೂ ಇಲ್ಲದ ಬಿಸಿಲಲ್ಲಿ, ಬೇಕರಿಯ ಹುಡುಗಿ ತಾನಾಗಿ ರಸ್ತೆ ದಾಟಿ ಬಂದು ಒಂದು ಕೊಡೆ ಕೊಡಿರಿ ಅನ್ನುತ್ತಾಳೆ. ಪೈಪು ಏರುವುದನ್ನು ಹೊಗಳುವ ಭರದಲ್ಲಿ ಇಷ್ಟು ವರ್ಷ ಈ ದೃಶ್ಯವನ್ನು ನಾನು ಸರಿಯಾಗಿ ನೋಡಿರಲಿಲ್ಲ.

ಭಾನುವಾರ ಎಲ್ಲರೂ ಕೂತರು. ಚಹಾ ತಂದವನು ತಂಗಿಯ ಗಂಡ. ರಸ್ತೆ ದಾಟುವ ದೃಶ್ಯ ಬಂದಾಗ ನಮ್ಮ ಹುಡುಗಿ ಕೆಂಪಾದಳು, ಟ್ರ್ಯಾಕ್ಟರ್ ಅಂಗಡಿಯವನು ಸೋಫಾದ ತುದಿಯಿಂದ ಹಿಂದಕ್ಕೆ ಸರಿದು ಮೊದಲ ಸಲ ಒರಗಿ ಕೂತ. ಮುತ್ತು ಬಂತು. ನಾನು ರಿಮೋಟಿನ ಬ್ಯಾಟರಿ ಪರೀಕ್ಷಿಸುತ್ತಿದ್ದೆ. ಹಿರಿಯರು ಚಾವಣಿಯ ಫ್ಯಾನು ನೋಡುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಹೋಳಿಗೆಯ ತಾಟುಗಳು ಬಂದವು, ನಿಶ್ಚಯದ ದಿನ ನೋಡಲು ಕ್ಯಾಲೆಂಡರ್ ಗೋಡೆಯಿಂದ ಇಳಿಯಿತು. ಹುಡುಗನ ತಾಯಿ ಮಾತ್ರ ಇನ್ನೂ ಟಿವಿಯ ಕಡೆಯೇ ನೋಡುತ್ತಿದ್ದರು.

"ಎಲ್ಲಾ ಛಲೋ ಆತ್ರಿ," ಅಂದರು ನನಗೆ. "ಆದ್ರ ಆ ಬ್ರೆಡ್ ಏನಾತು ಅನ್ನೂದು ತೋರಸಲೇ ಇಲ್ಲಲ್ಲ."